ದಣಿವಾರಿಸಿಕೊಳ್ಳುವ ಹೊಲ

ಮಾರ್ಚ್ ೩

ಚಿನಕುರುಳಿ,

ಬದುಕಿದ್ದೀಯೋ ಇಲ್ಲವೋ? ಡಿಸೆಂಬರಿನಲ್ಲಿ ಬರೆದ ಕಾಗದಕ್ಕೇ ಇನ್ನೂ ಉತ್ತರವಿಲ್ಲ. ಫೋನು ಮಾಡಬಾರದೇ ಅಕ್ಕಾ ಎನ್ನಬೇಡ. ನನ್ನ ಎಡಗಿವಿ ಹೋಗಿ ಮೂರು ವರ್ಷವಾಯಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ನೀನು ಒಂದು ಹೇಳುವುದು, ಸೊಸೆ ಅದನ್ನು ನನ್ನ ಕಿವಿಯ ಬಳಿ ಕೂಗುವುದು, ನಾನು ಇನ್ನೊಂದಕ್ಕೇ ಉತ್ತರ ಕೊಡುವುದು, ಇಡೀ ಬೀದಿಗೆ ಪುಕ್ಕಟೆ ನಾಟಕ. ಕಾಗದವೇ ವಾಸಿ.

ಸುದ್ದಿ ಕೇಳು. ಕೆಳಗಿನ ಹೊಲ ಬಿತ್ತಿದ್ದೇನೆ! ಇಪ್ಪತ್ನಾಲ್ಕು ವರ್ಷದಿಂದ ಅದಕ್ಕೆ ನೇಗಿಲು ತಾಗಿರಲಿಲ್ಲ. ಯಾರು ಕೇಳಿದರೂ ಅಪ್ಪನದು ಒಂದೇ ಮಾತು: "ಅದು ದಣಿದಿದೆ ಕಣಮ್ಮ, ದಣಿವಾರಿಸ್ಕೊಳ್ಳಲಿ ಬಿಡಿ." ನಮ್ಮಲ್ಲಿ ಮಣ್ಣಿಗೆ ಒಂದು ವರ್ಷ ಬಿಡುವು ಕೊಟ್ಟರೇ ಮರುವರ್ಷ ಅವರೆ ಎದೆಮಟ್ಟ ಬರುತ್ತದೆ. ಇಪ್ಪತ್ನಾಲ್ಕು ವರ್ಷ ಮಲಗಿದ್ದ ಮಣ್ಣು ಹೇಗಿರಬೇಡ! ಜನವರಿಯಲ್ಲಿ ಜೋಳ, ಅದರ ಬುಡಕ್ಕೆ ಅವರೆ, ನಡುವೆ ಕುಂಬಳ, ಸುತ್ತ ಸೊಪ್ಪು, ಎಲ್ಲ ಅಪ್ಪನ ಲೆಕ್ಕದಲ್ಲೇ ಹಾಕಿದೆ. ಈಗ ಬಂದು ನೋಡಬೇಕು ನೀನು. ಒಂದು ಎಲೆಯಲ್ಲಿ ಒಂದು ತೂತಿಲ್ಲ. ಹುಳವಿಲ್ಲ, ಬಸವನಹುಳುವಿಲ್ಲ, ಮಿಡತೆಯಿಲ್ಲ. ಮೇಲಿನ ಹೊಲದಲ್ಲಿ ಕಾಗೆ ಗುಬ್ಬಿ ಓಡಿಸಿ ಓಡಿಸಿ ನನ್ನ ಗಂಟಲು ಹೋಗುತ್ತದೆ, ಇಲ್ಲಿ ಒಂದು ಹಕ್ಕಿಯೂ ಇಳಿಯುವುದಿಲ್ಲ. ಅಷ್ಟು ನಿಶ್ಶಬ್ದ. ನನ್ನಂಥ ಕಿವುಡಿಗೇ ಅದು ಗೊತ್ತಾಗುತ್ತದೆ ಎಂದರೆ ನೋಡು.

ಎರೆಹುಳ ಎಣಿಸಿದೆಯಾ ಎಂದು ಕೇಳುತ್ತೀಯ, ಗೊತ್ತು. ಮೊಳ ಉದ್ದ, ಮೊಳ ಅಗಲ, ಮೊಳ ಆಳ ಅಗೆದು ಎಣಿಸಬೇಕು, ಹತ್ತಕ್ಕಿಂತ ಕಡಿಮೆ ಬಂದರೆ ಬಿತ್ತಬಾರದು, ಬಂದ ಸಂಖ್ಯೆಯನ್ನು ಕೊಟ್ಟಿಗೆಯ ಬಾಗಿಲ ಮೇಲೆ ಬರೆಯಬೇಕು. ಅಪ್ಪನ ಕಾನೂನು ನಾನು ಮರೆತಿಲ್ಲ. ಆದರೆ ಅಪ್ಪನೇ ಮಲಗಿಸಿದ ಹೊಲವನ್ನು ಪರೀಕ್ಷೆ ಮಾಡುವುದೇ? ತೊಟ್ಟಿಲಲ್ಲಿ ಮಲಗಿದ ಕೂಸನ್ನು ಚಿವುಟಿ ನೋಡಿದ ಹಾಗೆ. ಎಣಿಸಲಿಲ್ಲ.

ಶಾಲೆಯ ಅಡುಗೆಮನೆಗೆ ನಮ್ಮ ಮೇಲಿನ ಹೊಲದ ಸೊಪ್ಪು, ಕಾಳು, ಮೊಟ್ಟೆ ಹೋಗಲು ಶುರುವಾಗಿ ಎರಡು ವರ್ಷ. ಮೊದಲು ಮಕ್ಕಳ ಕಣ್ಣಿನ ಒಳರೆಪ್ಪೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು, ಈಗ ಕೆಂಪಾಗಿದೆ, ಪಾಠದ ನಡುವೆ ತೂಕಡಿಸುವುದಿಲ್ಲ ಎಂದು ಟೀಚರಮ್ಮ ಹೇಳುತ್ತಾರೆ. ಅವರಿಗೆ ಇನ್ನೂ ಬೇಕಂತೆ. ಕೆಳಗಿನ ಹೊಲದ ಕುಂಬಳ ಬಲಿತ ಮೇಲೆ ಕೊಡುತ್ತೇನೆ ಎಂದಿದ್ದೇನೆ. ಸದ್ಯಕ್ಕೆ ಆ ಸೊಪ್ಪು ಮನೆಗೆ. ಸೊಸೆಗೆ ಈಗ ಅದೆಂದರೆ ಪ್ರಾಣ. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ.

ಇನ್ನೊಂದು. ನಗಬೇಡ. ಅಪ್ಪ ಅಲ್ಲಿ ಬರುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಹೋದರೆ ಆಚೆ ಬದುವಿನಲ್ಲಿ ನಿಂತಿರುತ್ತಾರೆ, ಹಳೇ ಅಂಗಿ, ಮೊಣಕಾಲವರೆಗೆ ಮಣ್ಣು. ಬಲಗೈ ಎತ್ತಿ ಅಂಗೈ ತೋರಿಸುತ್ತಾರೆ. ನನಗೆ ಭಯವಾಗಲಿಲ್ಲ. ಸತ್ತು ಎರಡು ವರ್ಷವಾದ ಮೇಲೂ ಮಗಳ ಬೆಳೆಗೆ ಆಶೀರ್ವಾದ ಮಾಡಲು ಯಾರ ಅಪ್ಪ ಬರುತ್ತಾರೆ, ಹೇಳು?

ನಿನ್ನ ಅಕ್ಕ

ಮಾರ್ಚ್ ೧೦

ಅಕ್ಕಾ,

ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಬರೆದಾದರೂ ನೋಡುತ್ತೇನೆ.

ಆ ಹೊಲ ದಣಿವಾರಿಸಿಕೊಳ್ಳುತ್ತಿಲ್ಲ. ಅದರ ಹೊಟ್ಟೆಯಲ್ಲಿ ವಿಷವಿದೆ.

ಅಮ್ಮ ಹೋದ ವರ್ಷ ನೀನು ಗಂಡನ ಮನೆಯಲ್ಲಿದ್ದೆ. ಹದಿನೈದು ವರ್ಷ ಬರಿಗೈಯಲ್ಲಿ ಹುಳಕ್ಕೆ ಹೊಡೆಯುವ ಔಷಧಿ ಕಲಸಿದ್ದಕ್ಕೇ ಅಮ್ಮ ಹೋದಳು ಎಂದು ಅಪ್ಪನಿಗೆ ಅನ್ನಿಸಿತು. ಅಂದಿನಿಂದ ಸಿಂಪಡಿಸುವುದನ್ನು ಬಿಟ್ಟರು, ಮನೆಮನೆಗೆ ಹೋಗಿ ಬಿಡಿಸಿದರು. ಜನ ಒಪ್ಪಿದರು. ಆದರೆ, "ಈ ಡಬ್ಬ ಎಲ್ಲಿ ಹಾಕೋಣ ಯಜಮಾನ್ರೇ?" ಎಂದರು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಕೃಷಿ ಕಚೇರಿಯವರು ಮೇಲಿನಿಂದ ಆದೇಶ ಬರಲಿ ಎಂದರು. "ನನಗೆ ಕೊಡಿ" ಎಂದರು ಅಪ್ಪ. ಅರವತ್ತಮೂರು ಡಬ್ಬ. ಊರಿನ ವಿಷವನ್ನೆಲ್ಲ ನಮ್ಮ ಕೊಟ್ಟಿಗೆಗೆ ತಂದುಕೊಂಡರು.

ಒಂದು ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ್ದಾಗ, ಕೆಳಗಿನ ಹೊಲದಲ್ಲಿ ಗುಂಡಿ ತೆಗೆದು ಹೂತರು. ಒಂದು ಕೈಗೆ ಒಂದರಂತೆ ಡಬ್ಬ ಹೊತ್ತವಳು ನಾನು. ಹದಿಮೂರು ವರ್ಷ ನನಗೆ. ಒಂದರ ತಳ ತುಕ್ಕು ಹಿಡಿದು ಸೋರಿ ನನ್ನ ಲಂಗ ತೊಯ್ಯಿತು. ಅಪ್ಪ ಗುಂಡಿಯೊಳಗಿಂದ ಅದನ್ನು ನೋಡಿ ಕೈ ಎತ್ತಿದರು. "ಅಲ್ಲೇ ನಿಲ್ಲು ಮಗಾ. ಮುಂದೆ ಬರ್ಬೇಡ!" ಆಮೇಲೆ ಅಮ್ಮನ ಆಣೆ ಹಾಕಿಸಿದರು. "ಹೊರಗೆ ಗೊತ್ತಾದ್ರೆ ನನ್ನ ಮಾತು ಯಾರೂ ಕೇಳಲ್ಲ. ಮತ್ತೆ ಎಲ್ಲಾರೂ ಡಬ್ಬ ಹಿಡೀತಾರೆ."

ಅಕ್ಕಾ, ಬದುವಿನಲ್ಲಿ ಅವರು ಎತ್ತುತ್ತಿರುವ ಕೈ ಆಶೀರ್ವಾದದ್ದಲ್ಲ.

ಇಲ್ಲ, ಇದನ್ನು ಕಳಿಸಲಾರೆ. ಅಪ್ಪನ ಅಂಕಿಗಳಿರುವ ಕೊಟ್ಟಿಗೆಯ ಬಾಗಿಲನ್ನು ದಿನಾ ಮುಟ್ಟಿ ನಮಸ್ಕರಿಸುವವಳಿಗೆ ಇದನ್ನು ಹೇಗೆ ಕಳಿಸಲಿ? ಬೇರೆ ದಾರಿ ನೋಡುತ್ತೇನೆ.

ಮಾರ್ಚ್ ೧೧

ಅಕ್ಕಾ,

ನಿನ್ನ ಕಾಗದ ಬಂತು. ಬೆಳೆ ಚೆನ್ನಾಗಿದೆ ಎಂದು ಕೇಳಿ ಸಂತೋಷವಾಯಿತು. ಇಲ್ಲಿ ಕೆಲಸ ಜಾಸ್ತಿ. ದಿನಕ್ಕೆ ನಲವತ್ತು ಚೀಲ ತರಕಾರಿ ಮಾರುಕಟ್ಟೆಯಿಂದ ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ಅರೆಯುವುದು, ಸೋಸುವುದು, ಯಂತ್ರಕ್ಕೆ ಹಾಕುವುದು, ಯಾವುದರಲ್ಲಿ ಏನು ಉಳಿದಿದೆ ಎಂದು ಬರೆಯುವುದು.

ಒಂದು ಉಪಕಾರ ಮಾಡು. ಕೆಳಗಿನ ಹೊಲದ ನಾಲ್ಕೂ ಮೂಲೆಯಿಂದ ಒಂದೊಂದು ಹಿಡಿ ಮಣ್ಣು, ನಡುವಿನಿಂದ ಒಂದು ಹಿಡಿ, ಬೇರೆ ಬೇರೆ ಪೊಟ್ಟಣ ಕಟ್ಟಿ ಕಳಿಸು. ಮೂಲೆಯಿಂದ ಮೂಲೆಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಪೊಟ್ಟಣದ ಮೇಲೆ ಬರೆ. ಸುಮ್ಮನೆ, ಕುತೂಹಲಕ್ಕೆ. ಅಲ್ಲಿಯವರೆಗೆ ಅಲ್ಲಿನದು ಏನನ್ನೂ ತಿನ್ನದಿದ್ದರೆ ಒಳ್ಳೆಯದು. ಹೊಸ ಮಣ್ಣಲ್ಲವೇ, ಅದಕ್ಕೆ.

ನಿನ್ನ ತಂಗಿ

ಮಾರ್ಚ್ ೨೪

ತಂಗಿಗೆ,

ಒಂದು ವಾರ ಉತ್ತರ ಬರೆಯಲಿಲ್ಲ. ಬರೆದರೆ ಬೈಗುಳವೇ ಬರುತ್ತಿತ್ತು.

ನಾಲ್ಕು ಮೂಲೆ, ನಡುವೆ ಒಂದು, ಹೆಜ್ಜೆ ಲೆಕ್ಕ. ಪಕ್ಕದ ಮನೆಯ ಅವರೆ ತಾತ ನಿನ್ನ ಕಾಗದ ನೋಡಿ ನಕ್ಕ. "ಇದು ಮಣ್ಣಿನ ಪರೀಕ್ಷೆ ಅಲ್ಲಮ್ಮ, ಪಾಲಿನ ಪರೀಕ್ಷೆ. ನಮ್ಮ ತಮ್ಮನೂ ಹೀಗೇ ಶುರು ಮಾಡಿದ್ದ." ನಾನು ನಂಬಲಿಲ್ಲ. ಆಮೇಲೆ ಯೋಚಿಸಿದೆ. ಇಪ್ಪತ್ನಾಲ್ಕು ವರ್ಷ ಆ ಹೊಲ ಪಾಳು ಬಿದ್ದಾಗ ನಿನಗೆ ಕುತೂಹಲ ಬರಲಿಲ್ಲ. ನಾನು ಬೆವರು ಸುರಿಸಿ ಹಸಿರು ಮಾಡಿದ ಎರಡು ತಿಂಗಳಿಗೇ ಬಂತು. "ಅಲ್ಲಿನದು ಏನನ್ನೂ ತಿನ್ನದಿದ್ದರೆ ಒಳ್ಳೆಯದು"! ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ನೇರವಾಗಿ ಕೇಳಿದ್ದರೆ ಇಡೀ ಜಮೀನನ್ನೇ ಕೊಡುತ್ತಿದ್ದೆನಲ್ಲೇ. ಹದಿಮೂರು ವರ್ಷದವರೆಗೆ ವಟವಟ ಎನ್ನುತ್ತಿದ್ದವಳು ನೀನು, ಅದಕ್ಕೇ ಚಿನಕುರುಳಿ ಎಂದು ಹೆಸರಿಟ್ಟೆ. ಆಮೇಲೆ ಅದೇನಾಯಿತೋ, ಬಾಯಿಗೆ ಬೀಗ. ದೊಡ್ಡವಳಾದಳು ಎಂದುಕೊಂಡೆವು. ಈಗ ಅನ್ನಿಸುತ್ತದೆ, ಅಂದಿನಿಂದಲೂ ನೀನು ನಮ್ಮಿಂದ ಏನೋ ಮುಚ್ಚಿಡುತ್ತಲೇ ಬಂದಿದ್ದೀಯ.

ಪಾಲು ಬೇಕಾದರೆ ಕೆಳಗಿನ ಹೊಲವನ್ನೇ ತೆಗೆದುಕೋ. ಇರುವುದರಲ್ಲಿ ಒಳ್ಳೆಯದು ಅದೇ. ಅಪ್ಪ ಅದನ್ನು ನಿನಗೆಂದೇ ಮಲಗಿಸಿಟ್ಟಿದ್ದರೋ ಏನೋ.

ಅಕ್ಕ

ಏಪ್ರಿಲ್ ೨

ಅಕ್ಕಾ,

ಹೌದು. ನನಗೆ ಆ ಹೊಲವೇ ಬೇಕು.

ಇವತ್ತಿನಿಂದಲೇ ಅದು ನನ್ನದು ಎಂದುಕೊ. ಅಲ್ಲಿರುವುದನ್ನೆಲ್ಲ ಕಿತ್ತು ಅಲ್ಲೇ ಬಿಟ್ಟುಬಿಡು. ಒಂದು ಎಲೆಯನ್ನೂ ಮನೆಗೆ ತರಬೇಡ, ಯಾರಿಗೂ ಕೊಡಬೇಡ, ಹಸುವಿಗೂ ಹಾಕಬೇಡ. ನನ್ನನ್ನು ಏನು ಬೇಕಾದರೂ ಅಂದುಕೊ. ದುರಾಸೆಯವಳು ಎಂದುಕೊ. ಆದರೆ ಇಷ್ಟು ಮಾಡು, ನಿನ್ನ ಕಾಲಿಗೆ ಬೀಳುತ್ತೇನೆ.

ತಂಗಿ

ಏಪ್ರಿಲ್ ೭

ತಂಗಿಗೆ,

ಮಣ್ಣು ನಿನ್ನದು. ಬೆಳೆ ನನ್ನದು. ನನ್ನ ಬೀಜ, ನನ್ನ ಗೊಬ್ಬರ, ನನ್ನ ಸೊಂಟದ ನೋವು. ಕೊಳೆಯಲು ಬಿಡು ಎನ್ನಲು ನಿನಗೆ ಬಾಯಿ ಹೇಗೆ ಬಂತು? ಮಗನನ್ನು ಕರೆದುಕೊಂಡು ಹೋಗಿ ಒಂದು ಕುಡಿಯನ್ನೂ ಬಿಡದೆ ಕೊಯ್ದು ತಂದೆ. ಐವತ್ತೆರಡು ಕುಂಬಳ ನಡುಮನೆಯಲ್ಲಿ ಸಾಲಾಗಿ ಕೂತಿವೆ. ಮನೆಯಲ್ಲಿ ದಿನಾ ಅದೇ ಪಲ್ಯ, ಅದೇ ಸಾರು. ಬರುವ ಮಂಗಳವಾರ, ಹದಿನೈದರಂದು, ಉಳಿದದ್ದು ಶಾಲೆಗೆ ಗಾಡಿಯಲ್ಲಿ ಹೋಗುತ್ತದೆ. ಈ ಸಲ ಬೇಸಿಗೆ ರಜೆಯಲ್ಲೂ ಅಲ್ಲಿ ಊಟವಿದೆ. ನೂರಹತ್ತು ಮಕ್ಕಳು ತಿನ್ನಲಿ. ನೀನು ಬರೀ ಮಣ್ಣು ತೆಗೆದುಕೋ.

ಹೊಲ ಒಪ್ಪಿಸುವಾಗ ಲೆಕ್ಕ ಸರಿಯಿರಲಿ ಎಂದು ಎರೆಹುಳ ಎಣಿಸಿದೆ. ಹೊಸ ಯಜಮಾನಿಯ ಹೆಸರಲ್ಲಿ ಕೊಟ್ಟಿಗೆಯ ಬಾಗಿಲಿಗೆ ಬರೆಯಬೇಕಲ್ಲ. ಒಂದು ಮೊಳ ಅಗೆದೆ, ಒಂದೂ ಇಲ್ಲ. ಎರಡು ಮೊಳ ಅಗೆದೆ, ಇರುವೆಯೂ ಇಲ್ಲ. ಮಣ್ಣು ಮೂಸಿದೆ. ಅಮ್ಮನ ಸೆರಗಿನ ವಾಸನೆ ಬಂತು, ಕೊನೆಯ ವರ್ಷಗಳಲ್ಲಿ ಬರುತ್ತಿತ್ತಲ್ಲ, ಹಾಗೆ. ನೆನಪಾಗಿ ಅಲ್ಲೇ ಕೂತು ಅತ್ತೆ. ಬಾಗಿಲಿಗೆ ಇನ್ನೂ ಏನೂ ಬರೆದಿಲ್ಲ.

ತಲೆ ಎತ್ತಿದರೆ ಅಪ್ಪ. ಈಗ ಬದುವಿನಲ್ಲಿಲ್ಲ, ಹತ್ತು ಹೆಜ್ಜೆ ದೂರದಲ್ಲಿದ್ದರು. ಎರಡೂ ಕೈ ಎತ್ತಿದ್ದರು.

ಅವರು ಆಶೀರ್ವಾದ ಮಾಡುತ್ತಿದ್ದಾರೆ ಅಲ್ಲವೇನೇ?

ಅಕ್ಕ

ಏಪ್ರಿಲ್ ೧೨

ಅಕ್ಕಾ,

ಇದರ ಜೊತೆ ಇನ್ನೊಂದು ಕಾಗದವಿದೆ, ಮಾರ್ಚ್ ಹತ್ತರದ್ದು. ಮೊದಲು ಅದನ್ನು ಓದು. ಒಂದು ತಿಂಗಳು ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ಓದಿದೆಯಾ? ಶಾಲೆಗೆ ಏನನ್ನೂ ಕಳಿಸಬೇಡ. ಕಳಿಸಿದ್ದರೆ ಓಡಿಹೋಗಿ ನಿಲ್ಲಿಸು. ಮಣ್ಣಿನಲ್ಲಿರುವ ಈ ಜಾತಿಯ ವಿಷವನ್ನು ಕುಂಬಳ ಹೀರುವಷ್ಟು ಬೇರೆ ಗಿಡ ಹೀರುವುದಿಲ್ಲ. ನೋಡಲು ಚಿನ್ನದ ಹಾಗಿರುತ್ತದೆ. ದಿನಾ ನಾನು ಇಲ್ಲಿ ನೋಡುವುದು ಅದನ್ನೇ. ಈ ಕೆಲಸಕ್ಕೆ ಸೇರಿದ್ದೂ ಅದಕ್ಕೇ, ಆ ಡಬ್ಬಗಳಲ್ಲಿ ಏನಿತ್ತು ಎಂದು ತಿಳಿಯಲು.

ಪಾಲು ಬೇಕು ಎಂದದ್ದು ಸುಳ್ಳು. ಹೊಲ ನನ್ನದಾದರೆ ನೀನು ಮುಟ್ಟುವುದಿಲ್ಲ ಎಂದುಕೊಂಡೆ. ಅಪ್ಪನ ಹೆಸರೂ ಉಳಿಯುತ್ತದೆ, ನಿಮ್ಮ ಜೀವವೂ ಉಳಿಯುತ್ತದೆ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ನಿನಗೆ ರೋಷ ಬಂದರೆ ಏನು ಮಾಡುತ್ತೀಯ ಎಂದು ಗೊತ್ತಿದ್ದೂ ಹಾಗೆ ಬರೆದೆ.

ಈಗ ಒಂದು ಗಂಟೆಯ ಹಿಂದೆ ಫೋನು ಮಾಡಿದೆ. ಸೊಸೆ ಎತ್ತಿದಳು. "ಚಿಕ್ಕಮ್ಮಾ! ಎಷ್ಟು ದಿನ ಆಯ್ತು! ಅತ್ತೆ ಕೊಟ್ಟಿಗೇಲಿದ್ದಾರೆ, ಏನು ಹೇಳ್ಲಿ?" ಎಂದಳು. ಬಾಯಲ್ಲಿ ಏನೋ ಅಗಿಯುತ್ತಿದ್ದಳು. ನಿನ್ನ ಕಿವಿಯ ಬಳಿ ಆ ಹುಡುಗಿ, "ಅಜ್ಜ ವಿಷ ಹೂತಿದ್ರಂತೆ" ಎಂದು ಕೂಗುವುದನ್ನು ನೆನೆಸಿಕೊಂಡೆ. "ಏನಿಲ್ಲ, ಕುಂಬಳ ಶಾಲೆಗೆ ಕಳಿಸೋದು ಬೇಡ ಅಂತ ಹೇಳು" ಎಂದಷ್ಟೇ ಹೇಳಿ ಇಟ್ಟೆ.

ನನ್ನ ಎರಡೂ ಬಸಿರು ಯಾಕೆ ನಿಲ್ಲಲಿಲ್ಲ ಎಂದು ಎಲ್ಲರೂ ಒಂದೊಂದು ಕಾರಣ ಹೇಳಿದರು. ನನ್ನ ಕಣ್ಣ ಮುಂದೆ ಬರುವುದು ಆ ತೊಯ್ದ ಲಂಗ ಮಾತ್ರ. ಖಾತ್ರಿಯಾಗಿ ಯಾರೂ ಹೇಳಲಾರರು. ನಾನೂ ಹೇಳಲಾರೆ.

ಕ್ಷಮಿಸು ಎಂದು ಕೇಳುವುದಿಲ್ಲ. ಯಾರೂ ಏನೂ ತಿನ್ನಬೇಡಿ, ಅಷ್ಟೇ.

ಚಿನಕುರುಳಿ

ಏಪ್ರಿಲ್ ೨೫

ಚಿನಕುರುಳಿ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ಎಂಟು ದಿನ ಆಸ್ಪತ್ರೆಗೂ ಮನೆಗೂ ಓಡಾಡಿದೆ, ಅದಕ್ಕೇ ತಡ.

ಕುಂಬಳ ಶಾಲೆಗೆ ಹೋಗಲಿಲ್ಲ. ನೀನು ಬೇಡ ಎಂದೆ ಎಂದು ಸೊಸೆ ಹೇಳಿದಳು. ಬೇಡ ಎಂದರೆ ಕಳಿಸಿಯೇ ತೀರುತ್ತೇನೆ ಎಂದೆ ನಾನು. ಹದಿನೈದರ ಬೆಳಿಗ್ಗೆ ಗಾಡಿ ತುಂಬಿ ನಿಂತಿತ್ತು. ಮಗ ಹೊರಡಬೇಕು, ಅಷ್ಟರಲ್ಲಿ ಬಚ್ಚಲಿನಿಂದ ಸೊಸೆ ಕೂಗಿಕೊಂಡಳು. ನನಗೆ ಕೇಳಿಸಲಿಲ್ಲ. ಮಗ ಓಡಿದ್ದನ್ನು ನೋಡಿ ನಾನೂ ಓಡಿದೆ. ಕುಂಬಳವನ್ನೆಲ್ಲ ಬೀದಿಗೆ ಉರುಳಿಸಿ ಅದೇ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

ಐದನೇ ತಿಂಗಳು. ಹೆಣ್ಣು ಮಗು. ಉಳಿಯಲಿಲ್ಲ.

ನಿನಗೆ ಹೇಳಿರಲಿಲ್ಲ. ಎರಡು ಸಲ ನಿನ್ನ ಪಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ನಾನು. ಇವಳ ಸುದ್ದಿ ಬರೆದರೆ ನೀನು ಮೇಲೆ ನಗುತ್ತೀಯ, ಒಳಗೆ ಕುದಿಯುತ್ತೀಯ ಎಂದುಕೊಂಡೆ. ಏಳು ತಿಂಗಳಾಗಲಿ, ಗಟ್ಟಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮೊದಲ ಕಾಗದದಲ್ಲೇ ಒಂದು ಸಾಲು ಬರೆದಿದ್ದರೆ ನೀನು ಓಡಿಬರುತ್ತಿದ್ದೆ ಅಲ್ಲವಾ? ಎರಡು ತಿಂಗಳು ನನ್ನ ಕೈಯಾರೆ ಬಡಿಸಿದೆನಲ್ಲೇ. "ಅತ್ತೆ ಸಾಕು" ಎಂದರೂ, "ಇಬ್ಬರಿಗೆ ಉಣ್ಣಬೇಕು ಕಣೇ" ಎಂದು ಇನ್ನೊಂದು ಸೌಟು ಬಡಿಸಿದೆ.

ಇದೇ ಕಾರಣವಾ ಎಂದು ಡಾಕ್ಟರಮ್ಮನನ್ನು ಕೇಳಿದೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆದರೆ ಆ ಕೂಸು ಗಾಡಿ ನಿಲ್ಲಿಸಿತು. ನೂರಹತ್ತು ಮಕ್ಕಳು ಶಾಲೆಯಲ್ಲಿ ಸುಖವಾಗಿದ್ದಾರೆ. ಅದು ನೆನಪಾದಾಗ ಸಮಾಧಾನವಾಗುತ್ತದೆ, ಸಮಾಧಾನವಾಯಿತಲ್ಲ ಎಂದು ನಾಚಿಕೆಯಾಗುತ್ತದೆ.

ಅಕ್ಕ

ಮೇ ೬

ಅಕ್ಕಾ,

ಏನು ಬರೆಯಲಿ?

ಮಣ್ಣು ಅಗೆಯುವವರು ಈ ತಿಂಗಳ ಕೊನೆಗೆ ಬರುತ್ತಾರೆ. ಮಾಲಿನ್ಯ ಮಂಡಳಿಗೆ ನಾನೇ ಅರ್ಜಿ ಕೊಟ್ಟಿದ್ದೇನೆ, ಅಪ್ಪನ ಹೆಸರನ್ನೂ ನನ್ನ ಹೆಸರನ್ನೂ ಬರೆದಿದ್ದೇನೆ. ಅವರು ಹೇಳಿದ ಹಾಗೆ ಕೇಳಿ. ಹತ್ತಿರ ಹೋಗಬೇಡಿ. ಬಾವಿಯ ನೀರನ್ನೂ ಪರೀಕ್ಷೆ ಮಾಡಿಸುತ್ತಾರೆ.

ನಾನು ಬರಲಾರೆ. ಅವಳ ಮುಖ ನೋಡುವ ಯೋಗ್ಯತೆ ನನಗಿಲ್ಲ. ಇನ್ನು ಮೇಲೆ ಕಾಗದವನ್ನೂ ಬರೆಯುವುದಿಲ್ಲ. ನನ್ನ ಕಾಗದಗಳಿಂದ ಆದದ್ದು ಸಾಕು.

ಜೂನ್ ೧೫

ಚಿನಕುರುಳಿ,

ನೀನು ಬರೆಯದಿದ್ದರೆ ನಾನು ಬರೆಯಬಾರದೆಂಬ ಕಾನೂನಿಲ್ಲ.

ಅಗೆಯುವವರು ಬಂದರು. ಮೂಗು ಬಾಯಿ ಮುಚ್ಚಿಕೊಂಡ ಆರು ಜನ, ಒಂಬತ್ತು ದಿನ. ಅರವತ್ತಮೂರರಲ್ಲಿ ಡಬ್ಬದ ಆಕಾರದಲ್ಲಿ ಸಿಕ್ಕಿದ್ದು ಇಪ್ಪತ್ತೊಂದು. ಮಿಕ್ಕದ್ದೆಲ್ಲ ತುಕ್ಕಿನ ಪುಡಿ. ಮಣ್ಣನ್ನೂ ಬೀದಿಗೆ ಉರುಳಿಸಿದ್ದ ಕುಂಬಳವನ್ನೂ ಪೀಪಾಯಿಗಳಲ್ಲಿ ತುಂಬಿಕೊಂಡು ಹೋದರು. ಬಾವಿ ಚೆನ್ನಾಗಿದೆ, ಇಳಿಜಾರು ಆಚೆಗಿದ್ದದ್ದಕ್ಕೆ ಬಚಾವು. ಮೇಲಿನ ಹೊಲದ ಮಣ್ಣಿಗೂ ಏನೂ ಆಗಿಲ್ಲ, ಮೂವತ್ತೊಂದು ಎರೆಹುಳ ಬಂತು. ಶಾಲೆಗೆ ಅಲ್ಲಿನ ಸೊಪ್ಪು ಈಗಲೂ ಹೋಗುತ್ತಿದೆ. ಒಂದು ವಾರ ಟೀಚರಮ್ಮ ಬೇಡವೆಂದರು, ಆಮೇಲೆ ಪರೀಕ್ಷೆಯ ಚೀಟಿ ಓದಿ ತಾವೇ ಬಂದು ಕೇಳಿದರು.

ಊರಿನವರು ಅಪ್ಪನಿಗೆ ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿದವರೂ ಇದ್ದಾರೆ. ಅವರೆ ತಾತ ಮಾತ್ರ ಗುಂಡಿಯ ಹಗ್ಗದಾಚೆ ದಿನಾ ನಿಂತಿರುತ್ತಿದ್ದ. ಕೊನೆಯ ದಿನ, "ನಮ್ಮನೇದು ಏಳು ಡಬ್ಬ ಇತ್ತಮ್ಮ ಇದರಲ್ಲಿ. ತಗೊಂಡ್ರಲ್ಲ ಅಂತ ಕೈ ತೊಳ್ಕೊಂಡು ಸುಮ್ಮನಾದೆ. ಎಲ್ಲಿ ಹಾಕಿದ್ರಿ ಅಂತ ಒಂದಿನ ಕೇಳಲಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೊಟ್ಟಿಗೆಯ ಬಾಗಿಲಿಗೆ ಸೊನ್ನೆ ಬರೆದಿದ್ದೇನೆ. ಅಪ್ಪನ ಸಂಖ್ಯೆಗಳ ಕೆಳಗೇ, ದೊಡ್ಡದಾಗಿ. ಅಲ್ಲಿ ಇನ್ನು ತಿನ್ನುವುದೇನನ್ನೂ ಬೆಳೆಯುವುದಿಲ್ಲ, ಬರೀ ಹುಲ್ಲು. ಯಾಕೆಂದು ಇನ್ನೂ ಹುಟ್ಟದವರಿಗೂ ಹೇಳಿಯೇ ಸಾಯುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದೆ. ನನ್ನ ಮೇಲೆ ಇನ್ನೂ ಜಾಸ್ತಿ ಇದೆ. ಸೊಸೆಗೆ ನಿನ್ನ ಎರಡೂ ಕಾಗದ ಓದಿಸಿದೆ. ಎರಡು ದಿನ ಅವನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದಳು. ಮೂರನೇ ದಿನ ನನ್ನ ಬಲಗಿವಿಯ ಹತ್ತಿರ ಬಂದು ಹೇಳಿದಳು: "ಚಿಕ್ಕಮ್ಮ ಅವತ್ತು ಫೋನಲ್ಲಿ ಅಳ್ತಿದ್ರು ಅತ್ತೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ." ನೋಡು, ಅವಳೂ ನಮ್ಮ ಮನೆಯವಳೇ ಆಗಿಬಿಟ್ಟಿದ್ದಾಳೆ.

ಈಗ ಮುಖ್ಯ ಮಾತು. ಅಪ್ಪ ಹೋದರು. ಪೀಪಾಯಿಗಳು ಹೊರಟ ಮಧ್ಯಾಹ್ನ ಬದುವಿನಲ್ಲಿ ಕೈ ಇಳಿಸಿಕೊಂಡು ನಿಂತಿದ್ದರು. ಮರುದಿನ ಇರಲಿಲ್ಲ. ಇನ್ನು ಬರುವುದಿಲ್ಲ, ನನಗೆ ಗೊತ್ತು.

ಆದರೆ ಹೊಲ ಖಾಲಿಯಾಗಿಲ್ಲ. ಅವರು ನಿಲ್ಲುತ್ತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಈಚೆಗೆ ಒಂದು ಹುಡುಗಿ ನಿಂತಿದ್ದಾಳೆ. ಹದಿಮೂರು ವರ್ಷವಿರಬೇಕು. ಎರಡು ಕೈಯಲ್ಲೂ ಡಬ್ಬ, ಲಂಗ ತೊಯ್ದು ಕಾಲಿಗೆ ಅಂಟಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಗುಂಡಿಯ ಕಡೆ ನೋಡುತ್ತಾಳೆ. ಅಲ್ಲೇ ನಿಲ್ಲು ಎಂದರು ಅಪ್ಪ, ನಿಂತುಬಿಟ್ಟಿದ್ದಾಳೆ. ಬಾ ಎಂದು ಯಾರೂ ಕರೆಯಲಿಲ್ಲ.

ದಿನಾ ಹೋಗಿ ಕರೆಯುತ್ತೇನೆ. ಡಬ್ಬ ಕೆಳಗಿಡು, ಬಾರೇ ಎನ್ನುತ್ತೇನೆ. ನನ್ನ ಕಡೆ ತಿರುಗುವುದೂ ಇಲ್ಲ. ನಾನು ಕರೆದರೆ ಬರುವವಳಲ್ಲ ಅವಳು. ನೀನೇ ಬಂದು ಕರೆದುಕೊಂಡು ಹೋಗಬೇಕು.

ಶನಿವಾರದ ಬಸ್ಸಿಗೆ ಹೊರಡು. ಸೊಸೆ ನಡುಮನೆ ತೊಳೆದು ನಿನಗೆ ಹಾಸಿಗೆ ಹಾಕಿಟ್ಟಿದ್ದಾಳೆ.

ನಿನ್ನ ಅಕ್ಕ